ನಾಲ್ಕು ಗೆರೆಗಳು

ನಮ್ಮ ಮನೆಯ ಬೀರುವಿನಲ್ಲಿ, ಪಂಚಾಂಗಕ್ಕೂ ಜಮೀನಿನ ಕಾಗದಪತ್ರಗಳಿಗೂ ನಡುವೆ, ಬೂದುಬಣ್ಣದ ದುಂಡನೆಯ ತುಂಡೊಂದು ಮೂವತ್ತು ವರುಷಗಳಿಗೂ ಮೀರಿ ಕುಳಿತಿತ್ತು. ಅಂಗೈಯಷ್ಟು ಅಗಲ, ಎರಡಂಗುಲ ದಪ್ಪ. ನೋಡಿದರೆ ಉಕ್ಕಿನಂತೆ ಹೊಳೆಯುವುದು. ಎತ್ತಿದರೆ ಉಕ್ಕಿನ ಮೂರನೆಯ ಒಂದು ಪಾಲಿಗಿಂತಲೂ ಹಗುರ. ಕೈತಪ್ಪಿದರೆ ಗಾಜಿನಂತೆ ಒಡೆದುಹೋಗುವಂಥದು. ಜವಳಗಿರಿಗೆ ಬಂದ ನೆಂಟರಿಷ್ಟರಲ್ಲಿ ಕೆಲವರು ಅದನ್ನು ಸಾಲಿಗ್ರಾಮವೆಂದೇ ಭಾವಿಸಿ ಕೈಮುಗಿದದ್ದೂ ಉಂಟು. ನಾವು ತಿದ್ದಲು ಹೋಗಿರಲಿಲ್ಲ.

ಕಳೆದ ದಸರಾ ರಜೆಯಲ್ಲಿ ಹೊಸೂರಿನಿಂದ ಬಂದಿದ್ದ ಮಗಳ ಮಗಳು ಅದನ್ನು ಎರಡು ಕೈಗಳಲ್ಲಿ ಎತ್ತಿಕೊಂಡು ಜಗಲಿಯ ಬೆಳಕಿಗೆ ತಂದಳು. "ತಾತ, ಇದು ಯಾವ ಕಲ್ಲು?" ಎಂದಳು. ಸ್ವಲ್ಪ ಹೊತ್ತು ತಿರುಗಿಸಿ ನೋಡಿ, "ಇದರ ಮೈಮೇಲೆ ನಾಲ್ಕು ಗೆರೆಗಳಿವೆ. ನಾಲ್ಕೂ ಅರ್ಧಕ್ಕೇ ನಿಂತುಬಿಟ್ಟಿವೆಯಲ್ಲ, ಯಾಕೆ?" ಎಂದು ಇನ್ನೊಂದು ಪ್ರಶ್ನೆಯನ್ನು ಕೇಳಿದಳು. ಮೊದಲನೆಯ ಪ್ರಶ್ನೆಗೆ ಆ ಸಂಜೆಯೇ ಉತ್ತರ ಕೊಟ್ಟೆವು. ಎರಡನೆಯದಕ್ಕೆ ಉತ್ತರ ಕೊಡಬೇಕಾದರೆ ಮೆಟ್ಟೂರಿನವರೆಗೆ ಹೋಗಿಬರಬೇಕಾಯಿತು. ಆ ಎರಡು ಉತ್ತರಗಳ ವೃತ್ತಾಂತವನ್ನೇ ವಾಚಕರ ಮುಂದಿಡುತ್ತಿದ್ದೇವೆ.

ಆ ತುಂಡು ಸಿಲಿಕಾನ್ ಎಂಬ ಮೂಲವಸ್ತುವಿನದು. ಅದು ಅಪರೂಪದ ಪದಾರ್ಥವಲ್ಲ. ನಾವು ತುಳಿದು ನಡೆಯುವ ಭೂಮಿಯ ಹೊರಪದರದ ತೂಕದಲ್ಲಿ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಅದೇ ಇದೆ. ನಮ್ಮ ಹೊಲಗಳಲ್ಲಿ ನೇಗಿಲಿಗೆ ಸಿಕ್ಕುವ ಬಿಳಿಯ ಬೆಣಚುಕಲ್ಲು, ಕೃಷ್ಣಗಿರಿಯ ಸುತ್ತಿನ ಗ್ರಾನೈಟು, ಹೊಳೆಯ ಮರಳು, ಎಲ್ಲದರಲ್ಲಿಯೂ ಸಿಲಿಕಾನ್ ಆಮ್ಲಜನಕದೊಡನೆ ಬಿಡಿಸಲಾರದಂತೆ ಬೆಸೆದುಕೊಂಡಿದೆ. ವಿದ್ಯುತ್ ಕುಲುಮೆಯಲ್ಲಿ ಇದ್ದಲಿನೊಡನೆ ಕಾಯಿಸಿದರೆ ಈ ಬೆಸುಗೆ ಬಿಡುತ್ತದೆ. ಆದರೆ ಹೀಗೆ ದೊರೆತ ಸಿಲಿಕಾನಿನಲ್ಲಿ ನೂರಕ್ಕೆ ಒಂದೆರಡು ಪಾಲು ಕಶ್ಮಲ ಉಳಿಯುತ್ತದೆ. ರೇಡಿಯೋವಿಗೂ ಗಣಕಯಂತ್ರಕ್ಕೂ ಬೇಕಾದ ಅರೆವಾಹಕಕ್ಕೆ ಆ ಶುದ್ಧತೆ ಏತಕ್ಕೂ ಸಾಲದು. ಆದ್ದರಿಂದ ಅದನ್ನು ಕ್ಲೋರಿನ್ ಸೇರಿದ ಒಂದು ದ್ರವವನ್ನಾಗಿ ಮಾಡಿ, ಮತ್ತೆ ಮತ್ತೆ ಬಟ್ಟಿಯಿಳಿಸಿ, ಆ ಆವಿಯಿಂದ ಕೆಂಪಗೆ ಕಾದ ಸಣ್ಣ ಸರಳುಗಳ ಮೇಲೆ ಪರಿಶುದ್ಧ ಸಿಲಿಕಾನ್ ಕೂಡುವಂತೆ ಮಾಡುತ್ತಾರೆ.

ಈ ವಿದ್ಯೆ ನಮ್ಮ ನೆರೆಯಲ್ಲೇ ನಡೆದದ್ದು ಎಂಬುದನ್ನು ನಮ್ಮವರು ಅರಿತಿದ್ದರೆ ಒಳ್ಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಆರ್. ವಾಸುದೇವಮೂರ್ತಿಯವರು ಮತ್ತು ಅವರ ಸಂಗಡಿಗರು ರೂಪಿಸಿದ ವಿಧಾನವನ್ನು ಅನುಸರಿಸಿ 1980ರ ದಶಕದಲ್ಲಿ ಕಾವೇರಿ ದಡದ ಮೆಟ್ಟೂರಿನಲ್ಲಿ ಮೆಟ್ಕೆಮ್ ಸಿಲಿಕಾನ್ ಎಂಬ ಕಾರ್ಖಾನೆ ಶುದ್ಧ ಸಿಲಿಕಾನನ್ನು ತಯಾರಿಸಿತು. ಅದಕ್ಕೂ ಮುನ್ನ, 1962ರಲ್ಲಿ, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಜರ್ಮೇನಿಯಮ್ ಎಂಬ ಸೋದರ ವಸ್ತುವಿನಿಂದ ಅರೆವಾಹಕ ಸಾಧನಗಳನ್ನು ಮಾಡತೊಡಗಿತ್ತು. ಎರಡು ಊರುಗಳ ನಡುವೆ ಇರುವ ನಮಗೆ ಆಗ ಇದಾವುದೂ ತಿಳಿಯದು. ರಾಗಿ ಹೊಲದ ಕಾವಲಿಗೆ ಹೋಗುವಾಗ ಹೆಗಲಿಗೆ ಟ್ರಾನ್ಸಿಸ್ಟರ್ ರೇಡಿಯೋ ತೂಗುಹಾಕಿಕೊಳ್ಳುತ್ತಿದ್ದೆವು. ಅದರ ಹೊಟ್ಟೆಯಲ್ಲಿ ಹರಳಿದೆಯೆಂಬುದನ್ನು ಮಾತ್ರ ಅರಿಯೆವು.

ಶುದ್ಧವಾದರಷ್ಟೇ ಸಾಲದೆ, ಅದು ಒಂದೇ ಹರಳಾಗಿರಬೇಕು. ಇದನ್ನು ಮೊಮ್ಮಗಳಿಗೆ ತುಪ್ಪದ ಉದಾಹರಣೆಯಿಂದ ವಿವರಿಸಿದೆವು. ಬೆಣ್ಣೆ ಕಾಯಿಸಿ ಒಲೆಯ ಪಕ್ಕದಲ್ಲೇ ಬಿಟ್ಟು ನಿಧಾನವಾಗಿ ಆರಗೊಟ್ಟರೆ ತುಪ್ಪ ಮರಳುಮರಳಾಗಿ ಹರಳುಗಟ್ಟುತ್ತದೆ. ಅವಸರದಿಂದ ತಣ್ಣೀರಿನಲ್ಲಿಟ್ಟರೆ ಮುದ್ದೆಯಾಗುತ್ತದೆ. ನಿಧಾನವಾಗಿ ಆರಿದಷ್ಟೂ ಹರಳು ದೊಡ್ಡದು. ಆದರೆ ತುಪ್ಪದ ಗಡಿಗೆಯಲ್ಲಿ ಸಾವಿರಾರು ಹರಳುಗಳು ಹುಟ್ಟಿ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಅರೆವಾಹಕದಲ್ಲಿ ಹಾಗಾಗಕೂಡದು. ಹರಳು ಹರಳಿನ ನಡುವಣ ಗಡಿಗಳು ಹೊಲದ ಬದುಗಳಿದ್ದಂತೆ. ಹರಿಯಬೇಕಾದ ವಿದ್ಯುತ್ತು ಅಲ್ಲಿ ಎಡವುತ್ತದೆ. ಹತ್ತಾರು ಕಿಲೋ ತೂಕದ ದಿಂಡಿನಲ್ಲಿ ಒಂದೇ ಒಂದು ಬದುವೂ ಇಲ್ಲದಂತೆ, ಮೊದಲಿನಿಂದ ಕೊನೆಯವರೆಗೆ ಅಣುಗಳೆಲ್ಲವೂ ಒಂದೇ ಸಾಲಿನಲ್ಲಿ ನಿಲ್ಲಬೇಕು.

ಇದನ್ನು ಸಾಧಿಸುವ ದಾರಿಯನ್ನು ಕಂಡವನು ಯಾನ್ ಚೋಕ್ರಾಲ್‌ಸ್ಕಿ ಎಂಬ ಪೋಲೆಂಡಿನ ರಸಾಯನಜ್ಞ. 1916ರಲ್ಲಿ ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದಾಗ, ಬರೆಯುತ್ತ ಕುಳಿತಿದ್ದ ಆತ ಮಸಿಯ ಕುಡಿಕೆಗೆ ಅದ್ದಬೇಕಾದ ಲೇಖನಿಯನ್ನು ಮೈಮರೆತು ಪಕ್ಕದಲ್ಲಿದ್ದ ಕರಗಿದ ತವರಕ್ಕೆ ಅದ್ದಿದನಂತೆ. ಎತ್ತಿದಾಗ ತುದಿಯಿಂದ ತವರದ ನೂಲೊಂದು ಜೋತುಬಿದ್ದಿತು. ಪರೀಕ್ಷಿಸಲಾಗಿ ಆ ನೂಲು ಒಂದೇ ಹರಳು! ಲೋಹಗಳು ಎಷ್ಟು ಬೇಗ ಹರಳುಗಟ್ಟುತ್ತವೆಂದು ಅಳೆಯಲು ಆತ ಈ ಉಪಾಯವನ್ನು ಬಳಸಿ 1918ರಲ್ಲಿ ಪ್ರಕಟಿಸಿದ. ಮೂರು ದಶಕಗಳ ತರುವಾಯ, 1948ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗಾರ್ಡನ್ ಟೀಲ್ ಮತ್ತು ಜಾನ್ ಲಿಟ್ಲ್ ಎಂಬವರು ಅದೇ ರೀತಿಯಲ್ಲಿ ಜರ್ಮೇನಿಯಮ್ಮಿನ ಹರಳನ್ನು ಎಳೆದರು. 1950ರ ದಶಕದ ಆರಂಭದಲ್ಲಿ ಸಿಲಿಕಾನಿನ ಸರದಿ ಬಂದಿತು. ಮೈಮರೆತವನಿಂದ ಹುಟ್ಟಿದ ಈ ವಿದ್ಯೆ ಅದನ್ನು ನಡೆಸುವವನ ಮೈಮರೆವನ್ನು ಮಾತ್ರ ಕ್ಷಮಿಸುವುದಿಲ್ಲ. ಇದು ನಮ್ಮ ಸ್ವಂತ ಅನುಭವ.

ನಾವು ದುಡಿದದ್ದು ದೂರದ ಊರಿನ ಒಂದು ಕಾರ್ಖಾನೆಯಲ್ಲಿ. ಮೇಲೆ ಹೇಳಿದ ಎರಡೂ ಅದಲ್ಲ. ಅದರ ಹೆಸರು ಈ ಬರೆಹಕ್ಕೆ ಅನಗತ್ಯ. ಅಲ್ಲಿದ್ದ ಕುಲುಮೆ ಆಳೆತ್ತರಕ್ಕೂ ಮೀರಿದ ಉಕ್ಕಿನ ಗೂಡು. ಗೋಡೆಗಳೊಳಗೆ ಸದಾ ತಣ್ಣೀರು ಹರಿಯುವ ವ್ಯವಸ್ಥೆ. ಒಳಗೆ ಗ್ರಾಫೈಟಿನ ಕಾವಲಂಗದ ನಡುವೆ ಬೆಣಚುಗಾಜಿನ ಮೂಸೆ. ಅದರಲ್ಲಿ 14 ಕಿಲೋ ಸಿಲಿಕಾನ್ ತುಂಬಿ, ಗಾಳಿಯನ್ನೆಲ್ಲ ಹೊರದೂಡಿ ಆರ್ಗಾನ್ ಅನಿಲವನ್ನು ಹಾಯಿಸಿ, 1,414 ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ಕಾಯಿಸಿ ಕರಗಿಸಬೇಕು. ಮೇಲಿನಿಂದ ಪೆನ್ಸಿಲಿನಷ್ಟು ದಪ್ಪದ ಬೀಜಹರಳನ್ನು ಇಳಿಸಿ ದ್ರವದ ಮೈಯನ್ನು ಮುಟ್ಟಿಸಬೇಕು. ಬೀಜ ಒಂದು ಕಡೆಗೆ, ಮೂಸೆ ಅದರ ವಿರುದ್ಧ ದಿಕ್ಕಿಗೆ ತಿರುಗುತ್ತಿರುತ್ತವೆ. ಕಾವು ತುಸು ಹೆಚ್ಚಾದರೆ ಬೀಜವೇ ಕರಗಿಹೋಗುತ್ತದೆ. ತುಸು ಕಡಮೆಯಾದರೆ ದ್ರವವೆಲ್ಲ ಹೆಪ್ಪುಗಟ್ಟತೊಡಗುತ್ತದೆ. ಎರಡರ ನಡುವಣ ಹದದಲ್ಲಿ ಬೀಜವನ್ನು ಮೆಲ್ಲಗೆ ಮೇಲಕ್ಕೆಳೆದರೆ, ಅದರ ಅಣುಗಳು ನಿಂತ ರೀತಿಯಲ್ಲಿಯೇ ಹೊಸ ಅಣುಗಳು ಬಂದು ನಿಲ್ಲುತ್ತವೆ.

ಬೀಜ ಬಿಸಿಗೆ ತಾಗಿದ ಕ್ಷಣದಲ್ಲಿ ಅದರೊಳಗೆ ಅಣುಸಾಲುಗಳ ಕೆಲವು ತಪ್ಪುಗಳು ಹುಟ್ಟುತ್ತವೆ. ಅವನ್ನು ಕಳೆಯಲು 1950ರ ದಶಕದ ಕೊನೆಯಲ್ಲಿ ವಿಲಿಯಂ ಡ್ಯಾಶ್ ಎಂಬ ವಿಜ್ಞಾನಿ ಒಂದು ಸರಳ ಉಪಾಯವನ್ನು ತೋರಿಸಿದ: ಮೊದಲು ವೇಗವಾಗಿ ಎಳೆದು ಮೂರು ಮಿಲಿಮೀಟರಿನಷ್ಟು ಸಪೂರವಾದ ಕೊರಳನ್ನು ಬೆಳೆಸಿದರೆ, ತಪ್ಪುಗಳೆಲ್ಲ ಪಕ್ಕಕ್ಕೆ ಸರಿದು ಅಂಚಿನಲ್ಲಿ ಕೊನೆಗಾಣುತ್ತವೆ. ಆಮೇಲೆ ವೇಗ ತಗ್ಗಿಸಿ ಹೆಗಲು, ಮೈ, ಕೊನೆಗೆ ಕ್ರಮವಾಗಿ ಸಪೂರವಾಗುವ ಬಾಲ. ಕೊರಳು, ಹೆಗಲು, ಮೈ, ಬಾಲ ಎಂದೇ ನಾವು ಕರೆಯುತ್ತಿದ್ದೆವು. ಅಷ್ಟು ತೂಕದ ದಿಂಡು ಆ ಸಪೂರವಾದ ಕೊರಳೊಂದರಿಂದಲೇ ತೂಗುತ್ತಿರುವುದನ್ನು ಮೊದಲ ಸಲ ಕಂಡಾಗ ನಮ್ಮ ಎದೆ ಝಲ್ಲೆಂದಿತ್ತು.

ಬೇರೆ ವಿಧಾನಗಳೂ ಇಲ್ಲದಿಲ್ಲ. ಮೂಸೆಯ ಗಾಜಿನಿಂದ ಸ್ವಲ್ಪ ಆಮ್ಲಜನಕ ಕರಗಿ ಹರಳಿಗೆ ಸೇರುವುದರಿಂದ, ಮೂಸೆಯೇ ಇಲ್ಲದೆ ನಿಂತ ಸರಳಿನ ಸುತ್ತ ವಿದ್ಯುತ್ ಸುರುಳಿಯೊಂದನ್ನು ಸರಿಸುತ್ತ, ಸಣ್ಣ ವಲಯವೊಂದನ್ನು ಮಾತ್ರ ಕರಗಿಸುತ್ತ ಹೋಗುವ ತೇಲುವಲಯದ ವಿಧಾನ ಒಂದು. ಅಲ್ಲಿ ಕರಗಿದ ಸಿಲಿಕಾನ್ ತನ್ನ ಮೈಬಿಗಿಯ ಬಲದಿಂದಲೇ ಬೀಳದೆ ನಿಲ್ಲುತ್ತದೆ; ಕಶ್ಮಲಗಳು ಬಹುಮಟ್ಟಿಗೆ ದ್ರವದಲ್ಲಿಯೇ ಉಳಿದು, ಮೊರದಲ್ಲಿ ಹೊಟ್ಟು ಅಂಚಿಗೆ ಸರಿಯುವಂತೆ, ಕೊನೆಯ ತುದಿಗೆ ಸರಿಯುತ್ತವೆ. ಪಾತ್ರೆಯನ್ನು ಒಂದು ತುದಿಯಿಂದ ಕ್ರಮವಾಗಿ ತಣಿಸುತ್ತ ಬರುವ ಬ್ರಿಜ್‌ಮನ್ ವಿಧಾನ 1925ರಷ್ಟು ಹಳೆಯದು. ಗ್ಯಾಲಿಯಮ್ ಆರ್ಸೆನೈಡಿನಂಥ ವಸ್ತುವನ್ನು ಕರಗಿಸಿದರೆ ಅದರೊಳಗಣ ಆರ್ಸೆನಿಕ್ ಆವಿಯಾಗಿ ಓಡಿಹೋಗುತ್ತದೆ. ಅದನ್ನು ತಡೆಯಲು, ಉಪ್ಪಿನಕಾಯಿಯ ಮೇಲೆ ಎಣ್ಣೆ ನಿಲ್ಲಿಸುವಂತೆ, ಕರಗಿದ ಬೋರಿಕ್ ಆಕ್ಸೈಡಿನ ಪದರವನ್ನು ಮೇಲೆ ನಿಲ್ಲಿಸಿ, ಅದರ ಮೂಲಕವೇ ಹರಳನ್ನು ಎಳೆಯುತ್ತಾರೆ. ಉಪಕರಣಗಳು ಬೇರೆ ಬೇರೆಯಾದರೂ ಎಲ್ಲಕ್ಕೂ ಬೇಕಾದದ್ದು ಎರಡೇ: ದೋಷವಿಲ್ಲದ ಆರಂಭ ಮತ್ತು ಕಣ್ಣುಮುಚ್ಚದ ಕಾವಲು.

ಕಾವಲು ನಮಗೆ ಹೊಸದೇನೂ ಆಗಿರಲಿಲ್ಲ. ಬನ್ನೇರುಘಟ್ಟದ ಕಡೆಯ ಕಾಡಿನಿಂದ ಆನೆಗಳು ರಾಗಿ ಕೊಯಿಲಿನ ಕಾಲಕ್ಕೆ ಸರಿಯಾಗಿ ನಮ್ಮ ಸೀಮೆಗೆ ಬರುತ್ತವೆ. ಅಟ್ಟಣೆಯ ಮೇಲೆ ತಗಡಿನ ಡಬ್ಬ ಹಿಡಿದು ಕುಳಿತು ಬೆಳಗು ಮಾಡಿದ ರಾತ್ರಿಗಳು ಎಷ್ಟೋ. "ಕಣ್ಣು ಮುಚ್ಚಿದವನ ಹೊಲ ಆನೆಯದು" ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಕೊಟ್ಟಾಗ, ಇದೇನು ಮಹಾ ಎಂದುಕೊಂಡೆವು.

ಕುಲುಮೆಯಲ್ಲಿ ಕಾಯಬೇಕಾದದ್ದು ಗೆರೆಗಳನ್ನು. ಕಪ್ಪುಗಾಜಿನ ಕಿಂಡಿಯಲ್ಲಿ ಇಣುಕಿದರೆ, ಬೆಳೆಯುತ್ತಿರುವ ಹರಳಿನ ಬುಡದಲ್ಲಿ ಬೆಂಕಿಯ ಬಳೆಯೊಂದು ಕಾಣುತ್ತದೆ. ಮೇಲೆ ಹರಳಿನ ಮೈಯಲ್ಲಿ ಉದ್ದಕ್ಕೂ ನಾಲ್ಕು ಗೆರೆಗಳು. ಅಣುಗಳ ಜೋಡಣೆ ಸರಿಯಾಗಿರುವವರೆಗೂ ಅವು ಇರುತ್ತವೆ. ಒಳಗೆ ಎಲ್ಲೋ ಸಾಲು ತಪ್ಪಿತೆಂದರೆ ಗೆರೆಗಳು ಅಳಿಸಿಹೋಗುತ್ತವೆ. ಆ ಕೂಡಲೇ ಕಂಡುಕೊಂಡರೆ ಹರಳನ್ನು ಮತ್ತೆ ದ್ರವಕ್ಕಿಳಿಸಿ, ಕೆಟ್ಟ ಭಾಗವನ್ನು ಕರಗಿಸಿ, ಮುಂದುವರಿಯುವುದು ಎಷ್ಟೋ ಸಲ ಸಾಧ್ಯ. ತಡವಾದರೆ ಇಲ್ಲ. ಅದಕ್ಕಾಗಿ ಅರ್ಧ ಗಂಟೆಗೊಮ್ಮೆ ಕಾವು, ವೇಗ, ಅಡ್ಡಳತೆ, ಗೆರೆಗಳ ಸಂಖ್ಯೆ ಇವಿಷ್ಟನ್ನೂ ಲಾಗ್ ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕಿತ್ತು.

1987ರ ಚಳಿಗಾಲದ ಒಂದು ರಾತ್ರಿ. ಪಾಳಿಯಲ್ಲಿ ನಾವಿಬ್ಬರು. ಜೊತೆಗಿದ್ದವರು ಮೆಟ್ಟೂರಿನ ಕಡೆಯವರು, ನಮಗಿಂತ ಹತ್ತು ವರುಷ ಹಿರಿಯರು. ನಾವು ಅವರನ್ನು ಅಣ್ಣ ಎನ್ನುತ್ತಿದ್ದೆವು, ಅವರು ನಮ್ಮನ್ನು ತಂಬಿ ಎನ್ನುತ್ತಿದ್ದರು. ನಾವು ಧರ್ಮಪುರಿ ಜಿಲ್ಲೆಯವರೆಂದು (ಕೃಷ್ಣಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2004ರಲ್ಲಿ) ನಮ್ಮಲ್ಲಿ ಅವರಿಗೆ ಊರಿನವನೆಂಬ ಅಭಿಮಾನ. ಕೆಲಸವನ್ನು ಕಲಿಸಿದವರೂ ಅವರೇ. 11 ಗಂಟೆಗೆ ಹರಳಿನ ಮೈ ಆರಂಭವಾಯಿತು. 100 ಮಿಲಿಮೀಟರ್ ಅಡ್ಡಳತೆ, ನಿಮಿಷಕ್ಕೆ 1.2 ಮಿಲಿಮೀಟರ್ ವೇಗ. ಎರಡೆರಡು ಗಂಟೆಯ ಸರದಿ: ಒಂದರವರೆಗೆ ಅವರು, ಮೂರರವರೆಗೆ ನಾವು.

ಎರಡು ಗಂಟೆಗೆ ಗೆರೆಗಳನ್ನು ನೋಡಿ ಬರೆದದ್ದು ನೆನಪಿದೆ. ಬಳಿಕ ಕುಲುಮೆಯ ಪಕ್ಕದ ಬೆಚ್ಚನೆಯ ಗೋಡೆಗೆ ಬೆನ್ನು ಕೊಟ್ಟು ಕುಳಿತೆವು. ಕಣ್ಣು ತೆರೆದಾಗ ಮೂರಕ್ಕೆ ಐದು ನಿಮಿಷ. ಗಾಬರಿಯಿಂದ ಎದ್ದು, ಎರಡೂವರೆಯ ಸಾಲನ್ನೂ ಮೂರರ ಸಾಲನ್ನೂ ಒಟ್ಟಿಗೆ ಬರೆದೆವು. ಗೆರೆಗಳು ನಾಲ್ಕು, ಗೆರೆಗಳು ನಾಲ್ಕು. ಕಿಂಡಿಯಲ್ಲಿ ಇಣುಕಲಿಲ್ಲ. ಇಣುಕಿದರೆ ಕಾಣಬಹುದಾದದ್ದಕ್ಕೆ ಹೆದರಿದೆವೋ, ಅಣ್ಣನನ್ನು ಎಬ್ಬಿಸುವ ಹೊತ್ತು ಮೀರೀತೆಂದು ಅವಸರಪಟ್ಟೆವೋ, ಇಂದಿಗೂ ಸ್ಪಷ್ಟವಾಗಿ ಹೇಳಲಾರೆವು.

ಅಣ್ಣ ಎದ್ದು ಬಂದು ಪುಸ್ತಕದ ಮೇಲೆ ಕಣ್ಣಾಡಿಸಿದರು. ಗೆರೆಗಳು ಈಗಷ್ಟೇ ನೋಡಿದ್ದಾಗಿದೆ ಎಂಬ ನಂಬಿಕೆಯಿಂದ ನೀರಿನ ಕವಾಟಗಳನ್ನೂ ಆರ್ಗಾನಿನ ಉರುಳೆಗಳನ್ನೂ ಪರೀಕ್ಷಿಸಲು ಹೊರಟರು. ಮೂರೂವರೆಗೆ ಕಿಂಡಿಯ ಬಳಿಯಿಂದ ಅವರ ದನಿ ಕೇಳಿಸಿತು: "ತಂಬಿ, ಗೆರೆ ಇಲ್ಲ." ಹಾಗೆಯೇ ಪುಸ್ತಕದಲ್ಲಿಯೂ ಪ್ರಾಮಾಣಿಕವಾಗಿ ಬರೆದರು.

ವಿಚಾರಣೆ ದೀರ್ಘವಾಗಿ ನಡೆಯಲಿಲ್ಲ. ಮೂರಕ್ಕೆ ಗೆರೆಗಳಿದ್ದವು, ಮೂರೂವರೆಗೆ ಇರಲಿಲ್ಲ. ಆದ್ದರಿಂದ ತಪ್ಪು ಆ ಅರ್ಧ ಗಂಟೆಯದು, ಆ ಅರ್ಧ ಗಂಟೆ ಅಣ್ಣನದು. ಅವರ ಒಂದು ವರುಷದ ಬಡ್ತಿ ನಿಂತಿತು. ಕುಲುಮೆಯಿಂದ ತೆಗೆದು ಹರಳು ಉಜ್ಜುವ ವಿಭಾಗಕ್ಕೆ ಹಾಕಿದರು. ಆರು ತಿಂಗಳಿಂದ ಪರೀಕ್ಷಾರ್ಥವಾಗಿ ಕೆಲಸದಲ್ಲಿದ್ದ ನಮಗೆ ಅದೇ ತಿಂಗಳು ನೌಕರಿ ಖಾಯಂ ಆಯಿತು.

ಪರೀಕ್ಷಕರ ಟಿಪ್ಪಣಿಯಲ್ಲಿ, ಗೆರೆಗಳು ಮೈಯ ಆರಂಭದಿಂದ 264 ಮಿಲಿಮೀಟರಿಗೆ ನಿಂತಿವೆ ಎಂದಿತ್ತು. ಕ್ಯಾಂಟೀನಿನಲ್ಲಿ ಕುಳಿತು ಬಸ್ಸಿನ ಚೀಟಿಯ ಹಿಂದೆ ಭಾಗಾಕಾರ ಮಾಡಿದೆವು. 264ನ್ನು 1.2ರಿಂದ ಭಾಗಿಸಿದರೆ 220 ನಿಮಿಷ. 11 ಗಂಟೆಯಿಂದ ಮೂರು ಗಂಟೆ ನಲವತ್ತು ನಿಮಿಷ. ಅಂದರೆ ಎರಡು ಗಂಟೆ ನಲವತ್ತು. ಮೂರಕ್ಕೆ ಸರಿಯಾಗಿ ನಿಂತಿದ್ದರೂ 288 ಆಗಬೇಕಿತ್ತು. ವೇಗ ಆಗಾಗ ತುಸು ಏರಿಳಿಯುವುದುಂಟಾದ್ದರಿಂದ 24 ಮಿಲಿಮೀಟರಿನ ಅಂತರಕ್ಕೆ ಯಾರೂ ಬೆಲೆ ಕೊಡಲಿಲ್ಲ. ಸಹಿ ಇದ್ದ ಪುಸ್ತಕಕ್ಕೆ ಕೊಟ್ಟರು. ಆ ರಾತ್ರಿ ವೇಗವನ್ನು ಯಾರೂ ಮುಟ್ಟಿರಲಿಲ್ಲವೆಂದು ಬಲ್ಲವರು ನಾವಿಬ್ಬರೇ. ಪುಸ್ತಕದಲ್ಲಿ ಸುಳ್ಳು ಬರೆದಿದ್ದೆವು. ಹರಳು ತನ್ನ ಮೈಮೇಲೆ ನಿಜವನ್ನು ಬರೆದುಕೊಂಡಿತ್ತು. ಚೀಟಿಯನ್ನು ಹರಿದುಹಾಕಿದೆವು. ರದ್ದಿಗೆ ಹೋಗಲಿದ್ದ ಆ ತುಂಡನ್ನು ಮಾತ್ರ ಮೇಲ್ವಿಚಾರಕರನ್ನು ಕೇಳಿ ಪಡೆದುಕೊಂಡೆವು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಹರಳಿನಲ್ಲಿ ಸಾಲು ತಪ್ಪಿದಾಗ ಆಮೇಲೆ ಬೆಳೆಯುವ ಭಾಗ ಕೆಡುವುದಲ್ಲದೆ, ದೋಷ ಇನ್ನೂ ಬಿಸಿಯಾಗಿರುವ ಹಿಂದಿನ ಭಾಗಕ್ಕೂ ಹಿಮ್ಮುಖವಾಗಿ ನುಗ್ಗುತ್ತದೆ. ಹೆಚ್ಚುಕಡಮೆ ದಿಂಡಿನ ಅಡ್ಡಳತೆಯಷ್ಟು ದೂರ. ಅಂದು 264 ಮಿಲಿಮೀಟರಿಗೆ ಗೆರೆ ನಿಂತರೂ, ಅದಕ್ಕೆ ಹಿಂದಿನ ಸುಮಾರು 100 ಮಿಲಿಮೀಟರ್ ಒಳ್ಳೆಯ ಹರಳನ್ನೂ ಕತ್ತರಿಸಿ ಎಸೆಯಬೇಕಾಯಿತು. ಅದರಲ್ಲಿ ಅಣ್ಣನ ಸರದಿಯಲ್ಲಿ ಬೆಳೆದ ಭಾಗವಿರಲಿಲ್ಲ. ಎಲ್ಲವೂ ನಮ್ಮ ಸರದಿಯದೇ. ಆದರೆ ಅಣ್ಣನಿಂದ ಕಲಿತ ವಿದ್ಯೆ, ಅವರೊಡನೆ ಉಂಡ ಬುತ್ತಿ, ಊರಿನ ಮಾತು, ಇವೆಲ್ಲವುಗಳ ನೆನಪೂ ಆ ರಾತ್ರಿಯ ಬಳಿಕ ನಮಗೆ ಬಳಸಲಾಗದಂತಾದವು.

ಮೊಮ್ಮಗಳು ಎರಡನೆಯ ಪ್ರಶ್ನೆಯನ್ನು ಕೇಳಿದಾಗ, ಈ ಕಥೆಯಲ್ಲಿ ಕೊನೆಯ ಭಾಗವನ್ನು ಬಿಟ್ಟು ಹೇಳಲು ಯತ್ನಿಸಿದೆವು. "ಆಮೇಲೆ ಆ ಅಣ್ಣನಿಗೆ ಏನಾಯಿತು?" ಎಂದಳು. ಉತ್ತರ ಬರಲಿಲ್ಲ. ಹಳೆಯ ಸಹೋದ್ಯೋಗಿಗಳನ್ನು ವಿಚಾರಿಸಲಾಗಿ ಅಣ್ಣ ಮೆಟ್ಟೂರಿನಲ್ಲಿ ಮಗನ ಮನೆಯಲ್ಲಿದ್ದಾರೆಂದು ತಿಳಿಯಿತು. ತುಂಡನ್ನು ಪಂಚೆಯಲ್ಲಿ ಸುತ್ತಿ ಚೀಲದಲ್ಲಿಟ್ಟು, ಡೆಂಕಣಿಕೋಟೆ, ರಾಯಕೋಟೆ, ಧರ್ಮಪುರಿಯ ದಾರಿಯಾಗಿ ಹೊರಟೆವು. ಮೊಮ್ಮಗಳೂ ಹಟ ಮಾಡಿ ಜೊತೆಗೆ ಬಂದಳು.

ಅಣ್ಣನಿಗೆ ಎಂಬತ್ತು ಸಮೀಪಿಸಿದೆ. ಕಿವಿ ಸ್ವಲ್ಪ ಮಂದ. ಗುರುತು ಹಿಡಿದು ಕೈ ಹಿಡಿದುಕೊಂಡರು. ಕಾಫಿ ಬಂದಿತು, ಅಣೆಕಟ್ಟಿನ ನೀರಿನ ಮಾತು, ಮಳೆಯ ಮಾತು ಮುಗಿಯಿತು. ನಾವು ಚೀಲದಿಂದ ತುಂಡನ್ನು ತೆಗೆದು ಅವರ ಮುಂದಿಟ್ಟು, ಆ ರಾತ್ರಿ ಎರಡು ಗಂಟೆಯ ಬಳಿಕ ನಿದ್ದೆ ಮಾಡಿದ್ದನ್ನೂ, ನೋಡದೆ ಬರೆದದ್ದನ್ನೂ, ಭಾಗಾಕಾರವನ್ನೂ ಒಂದೇ ಉಸಿರಿಗೆ ಹೇಳಿದೆವು.

ಅವರು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೆಬ್ಬೆರಳು ಗೆರೆಯೊಂದರ ಮೇಲೆ ಸರಿದು, ಅದು ನಿಂತಲ್ಲಿಗೆ ಬಂದು ನಿಂತಿತು.

"ಭಾಗಾಕಾರ ನನಗೂ ಬರುತ್ತಿತ್ತು, ತಂಬಿ" ಎಂದರು.

ನಾವು ಏನೂ ಹೇಳಲಾರದೆ ಕುಳಿತೆವು. ಅವರೇ ಮುಂದುವರಿಸಿದರು. "ನಿನ್ನ ಕೆಲಸ ಖಾಯಂ ಆಗಿರಲಿಲ್ಲ. ನಾನು ಬಾಯಿ ಬಿಟ್ಟಿದ್ದರೆ ಮರುದಿನವೇ ನಿನ್ನನ್ನು ಊರಿಗೆ ಕಳಿಸುತ್ತಿದ್ದರು. ನನ್ನನ್ನು ಅವರು ಹೆಚ್ಚೆಂದರೆ ಬೇರೆ ವಿಭಾಗಕ್ಕೆ ಹಾಕುತ್ತಿದ್ದರು, ಹಾಕಿದರು. ಅದಕ್ಕೆ ಸುಮ್ಮನಿದ್ದೆ." ಸ್ವಲ್ಪ ಹೊತ್ತು ತಡೆದು, ಕೋಪವಿಲ್ಲದ ದನಿಯಲ್ಲಿ, "ಆದರೆ ನೀನೇ ಬಂದು ಹೇಳುವೆ ಎಂದು ಒಂದು ವರುಷ ಕಾದೆ. ಆಮೇಲೆ ಕಾಯುವುದನ್ನು ಬಿಟ್ಟೆ" ಎಂದರು.

ಬೈದಿದ್ದರೆ ಹಗುರವಾಗುತ್ತಿತ್ತೇನೋ. ಕಾಲು ಮುಟ್ಟಲು ಹೋದಾಗ ತಡೆದರು. ಹೊರಡುವಾಗ ತುಂಡನ್ನು ಚೀಲಕ್ಕೆ ಹಾಕಿಕೊಳ್ಳಲು ಕೈ ನೀಡಿದೆವು. "ಅದು ಇಲ್ಲಿರಲಿ" ಎಂದರು. ಏಕೆಂದು ಕೇಳುವ ಧೈರ್ಯ ನಮಗಾಗಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಮೊಮ್ಮಗಳು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಧರ್ಮಪುರಿ ದಾಟಿದ ಮೇಲೆ, "ತಾತ, ಒಂದು ಸಲ ಹೋದ ಗೆರೆ ಮತ್ತೆ ಬರುವುದೇ ಇಲ್ಲವೇ?" ಎಂದಳು. ತಾನಾಗಿಯೇ ಬರುವುದಿಲ್ಲವೆಂದೆವು. ಹರಳನ್ನು ಮತ್ತೆ ಬೆಂಕಿಗಿಳಿಸಿ, ಗೆರೆಗಳು ಸರಿಯಾಗಿದ್ದ ಜಾಗದವರೆಗೂ ಕರಗಿಸಿ, ಅಲ್ಲಿಂದ ಬೆಳೆಸಿದರೆ ಬಂದಾವು. ಮೂಸೆ ತಣ್ಣಗಾದ ಮೇಲೆ ಅದೂ ಇಲ್ಲ. ಅವಳು ಇನ್ನೇನೂ ಕೇಳಲಿಲ್ಲ.

ಈಗ ನಮ್ಮ ಬೀರುವಿನಲ್ಲಿ ಆ ಜಾಗ ಬರಿದಾಗಿದೆ. ಮೊನ್ನೆ ಬಂದಿದ್ದ ನೆಂಟರೊಬ್ಬರು ಕೈಮುಗಿಯಲು ಹೋಗಿ ತಡೆದು, ಸಾಲಿಗ್ರಾಮ ಎಲ್ಲಿ ಹೋಯಿತೆಂದು ವಿಚಾರಿಸಿದರು. ಅದು ಸಾಲಿಗ್ರಾಮವಾಗಿರಲಿಲ್ಲವೆಂದು, ಅವರನ್ನು ಕೂರಿಸಿಕೊಂಡು, ಮೊದಲಿನಿಂದ ಹೇಳಿದೆವು.